ಸಹಾಯ ಬೇಕು: ಎಳೆಯ ನಟರಿಗೆ ಪಾತ್ರದ ಒಳಗನ್ನು ತೋರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಬದಿಯಡ್ಕದ ಬಳಿ 15ರಿಂದ 20 ವರ್ಷದೊಳಗಿನ 11 ಮಂದಿ ಮಕ್ಕಳಿಗೆ ಕರ್ಣ-ಕುಂತಿಯರ ಭೇಟಿಯ ಸನ್ನಿವೇಶವನ್ನು ಕಲಿಸುತ್ತಿದ್ದೇನೆ. ಮಾತು ಎಲ್ಲರಿಗೂ ಬಾಯಿಪಾಠವಾಗಿದೆ. ಪಾತ್ರ ಮಾತ್ರ ಇನ್ನೂ ಬಂದಿಲ್ಲ. ಕುಂತಿಯ ಪಾತ್ರದ ಹುಡುಗಿಯೊಡನೆ, "ಪೆಟ್ಟಿಗೆಯನ್ನು ಹೊಳೆಗೆ ಬಿಟ್ಟ ಮೇಲೆ ಒದ್ದೆ ಕೈಯನ್ನು ಎಲ್ಲಿ ಒರೆಸಿಕೊಂಡೆ?" ಎಂದು ಕೇಳಿದಾಗ, ಬಹಳ ಹೊತ್ತು ಸುಮ್ಮನಿದ್ದು ಶಾಲಿನ ತುದಿಯನ್ನು ಹಿಡಿದವಳು ಸಂಭಾಷಣೆ ಮುಗಿಯುವವರೆಗೂ ಬಿಡಲಿಲ್ಲ. ಅಂದಿನ ಅಭ್ಯಾಸದಲ್ಲಿ ನನಗೆ ನಿಜವೆನಿಸಿದ್ದು ಅದೊಂದೇ.

ಪಾತ್ರಕ್ಕೆ ಬೇಕಾದದ್ದೇನು, ಅದಕ್ಕೆ ಅಡ್ಡಿ ಯಾವುದು ಎಂದು ಕೇಳಿಕೊಳ್ಳುವ, ರಷ್ಯದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿಯ ಕ್ರಮವನ್ನೂ ಪ್ರಯತ್ನಿಸಿದೆ. ಮಕ್ಕಳು ಅದನ್ನು ಪರೀಕ್ಷೆಯ ಉತ್ತರದಂತೆ ಬರೆದು ತಂದರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರಾದ ನಮಗೆ, ಯಕ್ಷಗಾನದ್ದೇ ಮಾತಿನ ರೂಪವಾದ ತಾಳಮದ್ದಳೆಯೇ ಹತ್ತಿರದ ದಾರಿ ಎಂದು ಈಗ ತೋರುತ್ತಿದೆ. ವೇಷ, ಕುಣಿತ ಯಾವುದೂ ಇಲ್ಲದೆ, ಹಾಡುವ ಭಾಗವತರ ಪದದ ಎಳೆ ಹಿಡಿದು, ಪಾತ್ರದ ಮಾತಾಡುವ ಅರ್ಥಧಾರಿಯು ಕುಳಿತಲ್ಲೇ ಪಾತ್ರವನ್ನು ಕಟ್ಟುತ್ತಾನೆ. ಎದುರು ಕುಳಿತವರ ಅನಿರೀಕ್ಷಿತ ಪ್ರಶ್ನೆಗೂ ಪಾತ್ರವಾಗಿಯೇ ಉತ್ತರಿಸುತ್ತಾನೆ.

ಆದುದರಿಂದ ಅನುಭವಿ ಅರ್ಥಧಾರಿಗಳು ಯಾರಾದರೂ ಎರಡು ಭಾನುವಾರ ಬಂದು ಮಕ್ಕಳನ್ನು ಹೀಗೆ ಪ್ರಶ್ನಿಸಬಹುದೇ? ಮನೆಯಲ್ಲಿ ತುಳು, ಮಲಯಾಳ, ಮರಾಠಿ ಆಡುವ ಮಕ್ಕಳು ಸನ್ನಿವೇಶವನ್ನು ಮೊದಲು ಮನೆಮಾತಿನಲ್ಲಿ ಆಡಿ, ಬಳಿಕ ಕನ್ನಡಕ್ಕೆ ಬಂದರೆ ಪ್ರಯೋಜನವಾದೀತೇ ಎಂಬುದನ್ನೂ, ಮಾಡಿ ನೋಡಿದವರು ದಯವಿಟ್ಟು ತಿಳಿಸಬೇಕು. ಬಸ್ಸಿನ ಖರ್ಚು, ಊಟ ನಮ್ಮದು; ಸಂಭಾವನೆ ಕೊಡುವ ಶಕ್ತಿ ಸದ್ಯಕ್ಕಿಲ್ಲ.