‘ನೀರು ಹೋಗಿದೆ’ ಅಂತ ಹೇಳಿ ಫೋನ್ ರಿಪೇರಿ ಮಾಡುತ್ತಿಲ್ಲ, ಏನು ಮಾಡಲಿ?

ಹನುಮಂತನಗರ ಟೈಲರ್:

ಎಲ್ಲರಿಗೂ ನಮಸ್ಕಾರ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಗೌರಿ ಹಬ್ಬಕ್ಕೆ ಮುಂಚೆ ಬೆಂಗಳೂರಿನ ಜಯನಗರದ ಒಂದು ಅಂಗಡಿಯಲ್ಲಿ 18,999 ರೂಪಾಯಿ ಕೊಟ್ಟು ಫೋನ್ ತೆಗೆದುಕೊಂಡೆ. ಹೊಲಿಗೆಯ ದುಡ್ಡು ಕೂಡಿಟ್ಟು ತೆಗೆದುಕೊಂಡಿದ್ದು. ಗಿರಾಕಿಗಳ ಅಳತೆ, ಕತ್ತಿನ ಡಿಸೈನ್ ಫೋಟೊ, ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಎಲ್ಲ ಅದರಲ್ಲೇ ಇದೆ.

ಐದು ತಿಂಗಳಿಗೆ ಸ್ಕ್ರೀನಿನ ಕೆಳಗಿನ ಅರ್ಧಕ್ಕೆ ಟಚ್ ನಿಂತುಹೋಯಿತು. ಕಾಲ್ ಬಂದರೆ ಎತ್ತಲು ಆಗುವುದಿಲ್ಲ. ಸರ್ವಿಸ್ ಸೆಂಟರಿಗೆ ಹೋದೆ. ಕೌಂಟರಿನ ಹುಡುಗ ಸಿಮ್ ಟ್ರೇ ಎಳೆದು, ಟಾರ್ಚ್ ಬಿಟ್ಟು ನೋಡಿ, “ಚುಕ್ಕೆ ಕೆಂಪಾಗಿದೆ ಮೇಡಂ, ನೀರು ಹೋಗಿದೆ, ವಾರಂಟಿ ಬರಲ್ಲ” ಅಂದ. ಎರಡು ನಿಮಿಷವೂ ಆಗಿರಲಿಲ್ಲ. ಬೋರ್ಡ್, ಡಿಸ್‌ಪ್ಲೇ ಎರಡೂ ಬದಲಾಯಿಸಲು 11,400 ಆಗುತ್ತದಂತೆ. ನನ್ನ ಫೋನ್ ಯಾವತ್ತೂ ನೀರಿಗೆ ಬಿದ್ದಿಲ್ಲ. ಮಳೆಯಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿಯೇ ಬ್ಯಾಗಿನಲ್ಲಿ ಇಡುತ್ತೇನೆ. “ಹಾಗಾದರೆ ಬರೆದು ಕೊಡಿ” ಎಂದೆ. “ಅದೆಲ್ಲ ಕೊಡಲ್ಲ” ಎಂದು ಫೋನ್ ವಾಪಸ್ ಕೈಗಿಟ್ಟ. ಅವತ್ತು ಬಸ್ಸಿನಲ್ಲಿ ಕೂತು ಅಳು ಬಂತು.

ವಾರಂಟಿ ಕಾರ್ಡಿನಲ್ಲಿ ಸಣ್ಣ ಅಕ್ಷರದಲ್ಲಿ, ಏನೇ ತಕರಾರಿದ್ದರೂ ದೆಹಲಿ ಕೋರ್ಟಿನಲ್ಲೇ ಎಂದಿದೆ. ಫೋನನ್ನು ದುಡಿಮೆಗೆ ಬಳಸಿದರೆ ಗ್ರಾಹಕರ ಕಾನೂನು ಅನ್ವಯ ಆಗುವುದಿಲ್ಲ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ತಮ್ಮ, “ಎಸ್‌ಪಿ ರೋಡಿನ ರಿಪೇರಿ ಅಂಗಡಿಗೆ ಕೊಡು, ಮೂರು ಸಾವಿರದಲ್ಲಿ ಮುಗಿಯುತ್ತೆ” ಅನ್ನುತ್ತಾನೆ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಶಾಂತಿನಗರಕ್ಕೆ ಅಲೆದವನು:

ಎಸ್‌ಪಿ ರೋಡಿಗೆ ಈಗಲೇ ಹೋಗಬೇಡಿ ತಂಗಿ. ಹೊರಗಿನವರು ಒಮ್ಮೆ ಬಿಚ್ಚಿದರೆ ಕಂಪನಿಗೆ ನೆಪ ಸಿಕ್ಕಿತು ಅಂತಲೇ ಲೆಕ್ಕ.

2022ರಲ್ಲಿ ನನ್ನ ಮಗಳ ಫೋನಿನ ಬ್ಯಾಟರಿ ಊದಿಕೊಂಡು ಹಿಂದಿನ ಗಾಜು ಮೇಲೆದ್ದಿತು. “ಕೆಳಗೆ ಬೀಳಿಸಿದ್ದೀರಿ” ಅಂದರು. ನಾವು ಕೇಸ್ ಗೆದ್ದಿದ್ದು ಒಂದೇ ಒಂದು ಕಾಗದದಿಂದ. ಫೋನ್ ಒಪ್ಪಿಸಿದ ದಿನ ಕೊಟ್ಟ ಜಾಬ್ ಶೀಟಿನಲ್ಲಿ ‘ಹೊರಗೆ ಗೀರಿಲ್ಲ, ಪೆಟ್ಟಿಲ್ಲ’ ಎಂದು ಅವರ ಹುಡುಗನೇ ಬರೆದಿದ್ದ. ಆಮೇಲೆ ಬೀಳಿಸಿದ್ದೀರಿ ಅನ್ನಲು ಬಾಯಿ ಬರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ನಿಮ್ಮ ಕೈಯಲ್ಲಿ ಕಾಗದ ಇಲ್ಲದಿರುವುದೇ ಈಗ ದೊಡ್ಡ ತೊಂದರೆ. ಅವರು ಬರೆದು ಕೊಡದೆ ಕಳಿಸಿದ್ದು ಸುಮ್ನೆ ಅಲ್ಲ.

ಮತ್ತೆ ಹೋಗಿ. ಫೋನ್ ಒಪ್ಪಿಸಿ, ಜಾಬ್ ಶೀಟ್ ಕೇಳಿ. ಅದರಲ್ಲಿ ಐಎಂಇಐ ನಂಬರ್ (ಪ್ರತಿ ಫೋನಿಗೂ ಬೇರೆ ಬೇರೆ ಇರುವ ಗುರುತಿನ ಸಂಖ್ಯೆ), ನೀವು ಹೇಳಿದ ದೂರು, ಫೋನ್ ಹೊರಗಿನಿಂದ ಹೇಗಿದೆ, ಯಾವ ಕಾರಣಕ್ಕೆ ವಾರಂಟಿ ಇಲ್ಲ, ಇಷ್ಟೂ ಇರಬೇಕು. ಕೊಡಲ್ಲ ಅಂದರೆ ಜಗಳ ಆಡಬೇಡಿ. ಅಲ್ಲೇ ನಿಂತು ಮನೆಯವರ ಫೋನಿನಿಂದ ಕಂಪನಿಗೆ ಇಮೇಲ್ ಹಾಕಿ. ಇವತ್ತು ಇಷ್ಟು ಗಂಟೆಗೆ, ಈ ಬ್ರಾಂಚಿನಲ್ಲಿ, ಹೀಗೆ ಹೇಳಿ ವಾಪಸ್ ಕಳಿಸಿದರು ಎಂದು ಬರೆದರೆ ಸಾಕು. ಅದೂ ದಾಖಲೆಯೇ.

ಆಮೇಲೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅವರು ತೀರ್ಪು ಕೊಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಕೌಂಟರಿನಲ್ಲಿ ಆಗದ ಕೆಲಸ ಕೆಲವು ಸಲ ಅಲ್ಲೇ ಆಗಿಬಿಡುತ್ತದೆ. ಆಗದಿದ್ದರೆ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. 15 ದಿನ ಗಡುವು ಕೊಡಿ, ರಸೀದಿ ಇಟ್ಟುಕೊಳ್ಳಿ. ನಾನು ಲಾಯರ್ ಇಡಲಿಲ್ಲ, ಕೈಯಲ್ಲೇ ಬರೆದೆ.

ದೆಹಲಿ ಅಂತ ಬರೆದಿರುವುದಕ್ಕೆ ಹೆದರಲೇಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ನೀವು ಇರುವ ಊರಿನಲ್ಲೇ, ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು ಎಂದು ಅದರಲ್ಲಿ ನೇರವಾಗಿ ಇದೆ. ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿ ಜಿಲ್ಲಾ ಗ್ರಾಹಕ ಆಯೋಗ, ಅಂದರೆ ಗ್ರಾಹಕರ ಕೋರ್ಟು ಇದೆ, ನಾನು ಹತ್ತಿ ಇಳಿದದ್ದು ಅಲ್ಲೇ. ಈಗ ಸರ್ಕಾರದ ಇ-ಜಾಗೃತಿ ಪೋರ್ಟಲಿನಲ್ಲಿ ದೂರನ್ನು ಮನೆಯಿಂದಲೂ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ತಕರಾರು ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು.

ಪಕ್ಕದ ಮನೆಯವರ ಮಾತು ಅರ್ಧ ಸರಿ. ವ್ಯಾಪಾರಕ್ಕೆಂದು ಕೊಂಡವರನ್ನು ಕಾನೂನು ಗ್ರಾಹಕರು ಅನ್ನುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿ ಬಳಸಿದರೆ ಅದು ವ್ಯಾಪಾರ ಅಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಮನೆಯಲ್ಲಿ ಕೂತು ಬ್ಲೌಸ್ ಹೊಲಿಯುವವರನ್ನು ನೋಡಿಯೇ ಬರೆದಂತಿದೆ ಆ ಸಾಲು. ದೂರಿನಲ್ಲಿ ಅದನ್ನು ಬಿಡದೆ ಬರೆಯಿರಿ.

ತಾಳ್ಮೆ ಮಾತ್ರ ಬೇಕು. ಆಯೋಗದ ನೋಟಿಸ್ ಮುಟ್ಟಿದ ಮೇಲೆ ಉತ್ತರ ಕೊಡಲು ಕಂಪನಿಗೆ 30 ದಿನ, ಹೆಚ್ಚೆಂದರೆ ಇನ್ನೂ 15 ದಿನ ಸಿಗುತ್ತದೆ. ನಮ್ಮದು ಮುಗಿಯಲು ಹನ್ನೊಂದು ತಿಂಗಳು ಹಿಡಿಯಿತು. ಬಿಲ್ಲಿನ ಪೂರ್ತಿ ದುಡ್ಡು, ಖರ್ಚಿಗೆಂದು 5,000 ಬಂತು.

ಎಸ್‌ಪಿ ರೋಡ್ ರಿಪೇರಿ:

ಅಕ್ಕ, ನಾನು ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೇಲಿನವರು ಹೇಳಿದ್ದು ಸರಿ. ವಾರಂಟಿ ಇರುವ ಫೋನ್ ನನ್ನ ಹತ್ತಿರ ಬಂದರೆ ನಾನೇ ವಾಪಸ್ ಕಳಿಸುತ್ತೇನೆ. ಬಿಚ್ಚಿದರೆ ಒಳಗಿನ ಅಂಟು, ಸ್ಕ್ರೂ ಮೇಲಿನ ಸೀಲ್ ನೋಡಿದ ತಕ್ಷಣ ಗೊತ್ತಾಗುತ್ತದೆ.

ಆ ಚುಕ್ಕೆ ಒಂದು ಚಿಕ್ಕ ಸ್ಟಿಕರ್. ನೀರು ತಾಗಿದರೆ ಬಿಳಿ ಹೋಗಿ ಕೆಂಪಾಗುತ್ತದೆ. ಆದರೆ ಅದು ಇರುವುದು ಸಿಮ್ ತೂತಿನ ಬಾಯಲ್ಲಿ. ಒದ್ದೆ ಬೆರಳಿನಲ್ಲಿ ಸಿಮ್ ಹಾಕಿದರೂ ಒಂದು ಹನಿ ಅಲ್ಲಿ ತಾಗಬಹುದು. ಅಲ್ಲಿ ಕೆಂಪಾಗಿದೆ ಅಂದರೆ ಅಲ್ಲಿ ಹನಿ ತಾಗಿದೆ ಅಂತ ಮಾತ್ರ. ಟಚ್ ಹಾಳಾಗಿದ್ದು ಅದರಿಂದಲೇ ಅಂತ ಹೇಳಲು ಒಳಗೆ ನೋಡಲೇಬೇಕು. ನಿಜವಾಗಿ ನೀರು ಬೋರ್ಡಿಗೆ ಹೋಗಿದ್ದರೆ ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು, ಬಿಳಿ ಪುಡಿ ಕೂತಿರುತ್ತದೆ. “ಡಿಸ್‌ಪ್ಲೇ ಕನೆಕ್ಟರ್ ಬಿಚ್ಚಿ ನನ್ನ ಮುಂದೆ ಫೋಟೊ ತೆಗೆಯಿರಿ” ಎಂದು ಸರ್ವಿಸ್ ಸೆಂಟರಿನವರನ್ನು ಕೇಳಿ. ಕ್ಲೀನಾಗಿದ್ದರೆ ಅವರ ಮಾತಿಗೆ ಬಲ ಇಲ್ಲ.

ಶಾಂತಿನಗರಕ್ಕೆ ಅಲೆದವನು:

ಇದು ತುಂಬಾ ಮುಖ್ಯ. ಪರೀಕ್ಷೆ ಮಾಡದೆ ದೋಷ ತಿಳಿಯುವುದಿಲ್ಲ ಅನ್ನಿಸಿದರೆ ಆಯೋಗವೇ ವಸ್ತುವನ್ನು ಲ್ಯಾಬಿಗೆ ಕಳಿಸಬಹುದು, ಕಾಯ್ದೆಯಲ್ಲಿ ಅದಕ್ಕೂ ದಾರಿ ಇದೆ. ಅದಕ್ಕೇ ಹೊರಗಿನವರು ಯಾರೂ ಬಿಚ್ಚದ ಫೋನ್ ಬೇಕು.

ಗಿರಿನಗರ ಓದುಗ:

ಒಂದೇ ಮಾತು. ಬಿಲ್ ಅಂಗಡಿ ಮೆಷಿನ್ನಿನ ನುಣುಪು (ಥರ್ಮಲ್) ಪೇಪರಿನದಾಗಿದ್ದರೆ ಅಕ್ಷರ ಮಾಸಿಹೋಗುತ್ತದೆ, ಇವತ್ತೇ ಜೆರಾಕ್ಸ್ ಮಾಡಿಸಿ. ದೂರಿನಲ್ಲಿ ಕಂಪನಿಯ ಜೊತೆ ಸರ್ವಿಸ್ ಸೆಂಟರ್, ಮಾರಿದ ಅಂಗಡಿ ಎರಡನ್ನೂ ಸೇರಿಸಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಮೇಲೆ ಹಾಕಿ ಜಾರಿಕೊಳ್ಳುತ್ತಾರೆ.

ಹನುಮಂತನಗರ ಟೈಲರ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ತಮ್ಮನನ್ನು ಕರೆದುಕೊಂಡು ಹೋದೆ. ಮೊದಲು ಆಗಲ್ಲ ಅಂದರು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ತಮ್ಮನ ಫೋನಿನಲ್ಲಿ ಇಮೇಲ್ ಟೈಪ್ ಮಾಡಲು ಶುರು ಮಾಡಿದೆ. ಬ್ರಾಂಚ್ ಹೆಸರಿನ ಸ್ಪೆಲಿಂಗ್ ಕೇಳಿದೆ. ಆಗ ಮ್ಯಾನೇಜರ್ ಬಂದರು, ಜಾಬ್ ಶೀಟ್ ಕೊಟ್ಟರು. ಹೊರಗೆ ಪೆಟ್ಟಿಲ್ಲ ಅಂತಲೂ ಬರೆದಿದ್ದಾರೆ. ಒಳಗೆ ಬಿಚ್ಚಿ ಫೋಟೊ ಕಳಿಸಲು ಬುಧವಾರದವರೆಗೆ ಸಮಯ ಕೇಳಿದ್ದಾರೆ. 1915ರಲ್ಲೂ ದೂರು ಕೊಟ್ಟೆ, ನಂಬರ್ ಬಂದಿದೆ. ಅಣ್ಣ, ನೀವು ಕೈಯಲ್ಲಿ ಬರೆದ ನೋಟಿಸಿನ ಒಂದು ಫೋಟೊ, ಹೆಸರು ಮುಚ್ಚಿ, ಇಲ್ಲಿ ಹಾಕುತ್ತೀರಾ? ಬುಧವಾರ ಅವರು ಇಲ್ಲ ಅಂದರೆ ಗುರುವಾರವೇ ಪೋಸ್ಟ್ ಮಾಡುತ್ತೇನೆ.