ತಾಲ್ಲೂಕು ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು ಸ್ವಲ್ಪ ಹೇಳ್ತೀರಾ?

ಪ್ರಶ್ನೆ, ಹಾವೇರಿ ಜಿಲ್ಲೆಯಿಂದ

ತಂಗಿ ಪಿಯುಸಿ ಮುಗಿಸಿದ್ದಾಳೆ. ಬಿಎಯಲ್ಲಿ ಪತ್ರಿಕೋದ್ಯಮವೇ ಬೇಕು ಅಂತ ಹಟ. ನಮ್ಮ ತಾಲ್ಲೂಕಿನ ಕಾಲೇಜಿನಲ್ಲಿ ಆ ವಿಷಯ ಇದೆ. ಆದರೆ ತರಗತಿಯಲ್ಲಿ ಹನ್ನೆರಡೋ ಹದಿಮೂರೋ ಮಕ್ಕಳಂತೆ. ಸ್ಟುಡಿಯೋ ಇಲ್ಲ, ಇರುವುದು ಒಬ್ಬರೇ ಅತಿಥಿ ಉಪನ್ಯಾಸಕರು. ಬೆಂಗಳೂರಿಗೆ ಕಳಿಸುವಷ್ಟು ಅನುಕೂಲ ನಮಗಿಲ್ಲ. ಇಲ್ಲೇ ಸೇರಿಸಿದರೆ ಮೂರು ವರ್ಷ ಹಾಳಾಗುತ್ತಾ? ಇಂಥ ಕಡೆ ಓದಿದವರು ದಯವಿಟ್ಟು ಹೇಳಿ.

ಗದಗ ಕಡೆಯವಳು, ಈಗ ದಿನಪತ್ರಿಕೆಯೊಂದರಲ್ಲಿ ಉಪಸಂಪಾದಕಿ

ಸೇರಿಸಿ. ನಾನೂ ಅಂಥದ್ದೇ ಕಾಲೇಜಿನವಳು. ನಮ್ಮ ಬ್ಯಾಚಿನಲ್ಲಿ ಇದ್ದದ್ದು ಒಂಬತ್ತು ಜನ. ಅರವತ್ತು ಜನ ಕೂತಿರುವ ತರಗತಿಯಲ್ಲಿ ಒಬ್ಬೊಬ್ಬರ ಬರಹ ತಿದ್ದಲು ಯಾರಿಗೆ ಪುರಸೊತ್ತು ಇರುತ್ತೆ? ನಮ್ಮ ಮೇಷ್ಟ್ರಿಗೆ ಇತ್ತು.

ಎರಡನೇ ವರ್ಷ ಎಪಿಎಂಸಿಗೆ ಹೋಗಿ ಒಂದು ವರದಿ ಬರೆದೆ. ‘ಈರುಳ್ಳಿ ಬೆಲೆ ಕುಸಿತ, ರೈತ ಕಂಗಾಲು’ ಅಂತ ಶೀರ್ಷಿಕೆ. ಮೇಷ್ಟ್ರು ‘ಕಂಗಾಲು’ ಪದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, “ಎಷ್ಟು ಕಂಗಾಲು? ಲೆಕ್ಕ ತಗೊಂಡು ಬಾ” ಅಂದರು. ಮರುದಿನ ಬೆಳಿಗ್ಗೆ ಆರೂವರೆ ಬಸ್ಸಿಗೆ ಮತ್ತೆ ಹೋದೆ. ಒಬ್ಬ ಅಜ್ಜ ಅಂಗಿ ಜೇಬಿನಿಂದ ಪಟ್ಟಿ ತೆಗೆದು ತೋರಿಸಿದ. 22 ಚೀಲ, 11 ಕ್ವಿಂಟಲ್, ಕ್ವಿಂಟಲ್‌ಗೆ 400 ರೂಪಾಯಿ. ಗಾಡಿ ಬಾಡಿಗೆ 1,100, ಹಮಾಲಿ 220 ಕಳೆದು ಕೈಗೆ ಬಂದದ್ದು 3,080. ಬೀಜ, ಗೊಬ್ಬರ, ಕಳೆ ತೆಗೆಸಿದ ಕೂಲಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದನ್ನೇ ಬರೆದೆ, ‘ಕಂಗಾಲು’ ಬೇಕಾಗಲೇ ಇಲ್ಲ. ಇವತ್ತಿಗೂ ಡೆಸ್ಕಿಗೆ ವರದಿ ಬಂದರೆ ನಾನು ಮೊದಲು ಹುಡುಕುವುದು ಅಂಥ ಪಟ್ಟಿಯನ್ನೇ.

ಕಷ್ಟವನ್ನೂ ಹೇಳಬೇಕು. ಅತಿಥಿ ಉಪನ್ಯಾಸಕರ ನೇಮಕ ತಡವಾಗಿ ಒಂದು ಸೆಮಿಸ್ಟರಿನಲ್ಲಿ ಎರಡು ತಿಂಗಳು ಪಾಠವೇ ನಡೆಯಲಿಲ್ಲ. ಪುಟ ವಿನ್ಯಾಸವನ್ನು ನೋಟ್ಸಿನಲ್ಲಿ ಓದಿದ್ದಷ್ಟೇ. ಅದರ ತಂತ್ರಾಂಶ ಇನ್‌ಡಿಸೈನ್ ಕಲಿತದ್ದು ರಜೆಯಲ್ಲಿ, ಊರಿನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮದುವೆ ಕಾರ್ಡು ಮಾಡುತ್ತಾ. ‘ನುಡಿ’ ತಂತ್ರಾಂಶದಲ್ಲೂ ಯೂನಿಕೋಡ್‌ನಲ್ಲೂ ಸರಾಗವಾಗಿ ಕನ್ನಡ ಟೈಪ್ ಮಾಡುವುದನ್ನು ತಂಗಿ ಮೊದಲ ವರ್ಷವೇ ಕಲಿಯಲಿ.

ತುಮಕೂರಿನಿಂದ

ಸ್ಟುಡಿಯೋ ಇಲ್ಲ ಅನ್ನುವ ಚಿಂತೆ ಬಿಡಿ. 1935ರಲ್ಲಿ ಮೈಸೂರಿನ ಎಂ.ವಿ. ಗೋಪಾಲಸ್ವಾಮಿ ಅವರು ‘ಆಕಾಶವಾಣಿ’ ಅನ್ನುವ ಬಾನುಲಿ ಕೇಂದ್ರ ಶುರು ಮಾಡಿದ್ದು ತಮ್ಮ ಮನೆಯಲ್ಲೇ. ಅವರೂ ಕಾಲೇಜು ಮೇಷ್ಟ್ರೇ ಅಲ್ವಾ! ಈಗಂತೂ ಒಂದು ಫೋನ್ ಇದ್ದರೆ ಸಾಕು, ಕಿವಿ ಚುರುಕಾಗಿರಬೇಕು. ನಾನು ಮೊದಲ ಸಲ ನಮ್ಮೂರ ಅಜ್ಜಿಯೊಬ್ಬರ ಸೋಬಾನೆ ಪದ ರೆಕಾರ್ಡ್ ಮಾಡಿದಾಗ ತಲೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಮನೆಗೆ ಬಂದು ಕೇಳಿದರೆ ಪದಕ್ಕಿಂತ ಫ್ಯಾನಿನ ಸದ್ದೇ ಜಾಸ್ತಿ. ಎರಡು ವಾರ ಬಿಟ್ಟು ಮತ್ತೆ ಹೋದೆ. ಅಜ್ಜಿಗೆ ದಮ್ಮು ಹತ್ತಿ ನಾಲ್ಕು ಸಾಲೂ ಆಗಲಿಲ್ಲ. ಆ ನೋವು ಇನ್ನೂ ಇದೆ.

ತುಮಕೂರಿನ ರೇಡಿಯೋ ಸಿದ್ಧಾರ್ಥ, ಮಂಗಳೂರಿನ ರೇಡಿಯೋ ಸಾರಂಗ್ ಥರದ ಸಮುದಾಯ ಬಾನುಲಿಗಳನ್ನು ಶಿಕ್ಷಣ ಸಂಸ್ಥೆಗಳೇ ನಡೆಸುತ್ತವೆ. ರಜೆಯಲ್ಲಿ ಅಂಥ ಕಡೆ ಇಂಟರ್ನ್‌ಶಿಪ್ ಕೇಳಿ ನೋಡಲಿ.

ಶಿವಮೊಗ್ಗದಿಂದ

ಶುರುವಿನಲ್ಲಿ ಸಂಬಳ ಕಡಿಮೆ, ಇದು ಮನೆಯವರಿಗೆ ಮೊದಲೇ ಗೊತ್ತಿರಲಿ. ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಜನ ಬೇರೆ ಕಸುಬು ಇಟ್ಟುಕೊಂಡೇ ಸುದ್ದಿ ಕಳಿಸುತ್ತಾರೆ. ಇಂಗ್ಲಿಷ್ ಓದುವುದನ್ನೂ ಬಿಡಬಾರದು.

ಇನ್ನೊಂದು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಕಲಿಯಲಿ. ಶುಲ್ಕ 10 ರೂಪಾಯಿ, 30 ದಿನದೊಳಗೆ ಉತ್ತರ ಕೊಡಬೇಕು. ನಾವು ನಾಲ್ವರು ಸೇರಿ ಹಾಸ್ಟೆಲ್ ದಾರಿಯ ಬೀದಿದೀಪದ ಲೆಕ್ಕ ಕೇಳಿದ್ದೆವು. ಕಾಗದದಲ್ಲಿ 18 ದೀಪ. ರಾತ್ರಿ ನಡೆದು ಎಣಿಸಿದರೆ ಉರಿಯುತ್ತಿದ್ದದ್ದು 7.

ಹಾವೇರಿಯಿಂದ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ಅಕ್ಕ, ಸೋಮವಾರ ಕಾಲೇಜಿಗೆ ಹೋಗ್ತಿದ್ದೀನಿ. ಅಲ್ಲಿ ಏನು ಕೇಳಲಿ?

ಗದಗ ಕಡೆಯವಳು

ಕಳೆದ ವರ್ಷ ಮಕ್ಕಳು ಮಾಡಿದ ಪ್ರಾಯೋಗಿಕ ಪತ್ರಿಕೆ ತೋರಿಸಿ ಅನ್ನಿ. ಅದರಲ್ಲಿ ಊರಿನ ಸುದ್ದಿ ಇದೆಯಾ, ಬರೀ ಸಮಾರಂಭದ ಫೋಟೋಗಳಾ ನೋಡಿ. ಪತ್ರಿಕೆಯೇ ಇಲ್ಲ ಅಂದರೂ ಅಡ್ಮಿಷನ್ ಬಿಡಬೇಡಿ. ಎ4 ಹಾಳೆಯ ಎರಡೂ ಬದಿಗೆ ತಂಗಿ, ಗೆಳತಿಯರೇ ಸೇರಿ ಶುರು ಮಾಡಲಿ. 1843ರ ಜುಲೈ 1ರಂದು ಬಂದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವೂ ನಾಲ್ಕೇ ಪುಟದ್ದು. ಮೊದಲ ಸಂಚಿಕೆ ಆದಾಗ ನನಗೆ ಕಳಿಸಿ, ಕೂತು ತಿದ್ದಿ ಕೊಡ್ತೀನಿ.