24 ವಾರ 3 ದಿನ ಆಗಿದೆ, ಬಸಿರು ತೆಗೆಸಲು ಕೋರ್ಟಿಗೇ ಹೋಗಬೇಕಾ?

ಶಿಡ್ಲಘಟ್ಟದ ಅಕ್ಕ (ಪ್ರಶ್ನೆ):

ಇದು ನನ್ನ ತಂಗಿಯ ವಿಷಯ. ಅವಳನ್ನು ಕೇಳಿಕೊಂಡೇ ಬರೆಯುತ್ತಿದ್ದೇನೆ. 26 ವರ್ಷ, ಚೊಚ್ಚಲ ಬಸಿರು. ಬಾಗೇಪಲ್ಲಿ ಕಡೆ ಕೊಟ್ಟಿದ್ದೇವೆ. ಗಂಡನ ಮನೆಯವರದ್ದು ರೇಷ್ಮೆ ಬೇಸಾಯ.

ಐದನೇ ತಿಂಗಳ ಸ್ಕ್ಯಾನ್‌ಗೆ ಸರಿಯಾಗಿ 20 ವಾರಕ್ಕೆ ದಿನ ಕೊಟ್ಟಿದ್ದರು. ಆ ವಾರವೇ ಹುಳ ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದಿತು. ಹುಳ ಸಾಕಿದವರಿಗೆ ಗೊತ್ತು, ಜ್ವರ ಎದ್ದ ಮೇಲೆ ಏಳೆಂಟು ದಿನ ಸೊಪ್ಪು ಹಾಕಿದಷ್ಟೂ ಸಾಲದು. ಇನ್ನೂರು ಮೊಟ್ಟೆ ಮೇಯಿಸುತ್ತಿದ್ದ ಮನೆಯಲ್ಲಿ ಇರೋದು ನಾಲ್ಕು ಜನ. ಹಣ್ಣು ಹುಳ ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟು ಮುಗಿಸಿದ ಮೇಲೆ ಹೋದರೆ, ಸ್ಕ್ಯಾನ್ ಮಾಡುವ ಡಾಕ್ಟರು ಬಂದಿಲ್ಲ, ಮುಂದಿನ ವಾರ ಬನ್ನಿ ಅಂದರು. ಕೊನೆಗೆ ಸ್ಕ್ಯಾನ್ ಆಗಿದ್ದು ಒಂದು ಬುಧವಾರ, 22 ವಾರ 3 ದಿನಕ್ಕೆ. ನಾನೂ ಒಳಗಿದ್ದೆ. ಡಾಕ್ಟರು ಮೊದಲು ಕಾಲು, ಬೆನ್ನು ಅಂತ ತೋರಿಸುತ್ತಾ ಮಾತಾಡುತ್ತಿದ್ದರು. ಎದೆಯ ಹತ್ತಿರ ಬಂದು ಸುಮ್ಮನಾದರು. ತುಂಬಾ ಹೊತ್ತು ಒಂದೇ ಜಾಗದಲ್ಲಿ ಒತ್ತಿ ನೋಡಿದರು. ತಂಗಿ ನನ್ನ ಕೈ ಹಿಡಿದಿದ್ದಳು. ಅವಳ ಬೆರಳ ತುದಿ ಸೊಪ್ಪು ಕಿತ್ತು ಕಿತ್ತು ಕಪ್ಪಾಗಿತ್ತು.

ಹೃದಯ ಸರಿಯಾಗಿ ಕಾಣುತ್ತಿಲ್ಲ, ಬೆಂಗಳೂರಲ್ಲಿ ಮಗುವಿನ ಹೃದಯದ ಎಕೋ ಮಾಡಿಸಿ ಅಂದರು. ಅಲ್ಲಿ ಹತ್ತು ದಿನ ಬಿಟ್ಟು ಸರದಿ ಸಿಕ್ಕಿತು. ಎಕೋ ಆಗಿದ್ದು ಶನಿವಾರ, 23 ವಾರ 6 ದಿನ. ಭಾನುವಾರ ರಜೆ. ಸೋಮವಾರ ವರದಿ ಕೈಗೆ ಬಂದಾಗ 24 ವಾರ 1 ದಿನ. ಹೃದಯದ ಎಡಗಡೆಯ ಕೋಣೆ ಬೆಳೆದೇ ಇಲ್ಲವಂತೆ. ಹುಟ್ಟಿದ ಕೆಲವೇ ದಿನಕ್ಕೆ ಆಪರೇಷನ್, ಆಮೇಲೆ ಇನ್ನೂ ಎರಡು. ಅಷ್ಟಾದರೂ ಉಳಿಯುತ್ತೆ ಅಂತ ಮಾತು ಕೊಡೋಕಾಗಲ್ಲ ಅಂದರು.

ತಂಗಿ ರಾತ್ರಿಯೆಲ್ಲ ಕೂತಿದ್ದು ಬೆಳಗ್ಗೆ ನನಗೆ ಹೇಳಿದಳು: 'ಅಕ್ಕಾ, ಹೆತ್ತು, ಕೊಯ್ಯೋಕೆ ಕೊಟ್ಟು, ಆಮೇಲೆ ಕಳಕೊಳ್ಳೋಕೆ ನನ್ನ ಕೈಲಾಗಲ್ಲ.' ಆಸ್ಪತ್ರೆಗೆ ಕರೆದುಕೊಂಡು ಹೋದೆ. 24 ದಾಟಿದೆ, ನಾವು ಮುಟ್ಟಲ್ಲ, ಕೋರ್ಟಿಂದ ಆರ್ಡರ್ ತನ್ನಿ ಅಂದರು. ಅವಳ ಅತ್ತೆ, ದೇವರು ಕೊಟ್ಟಿದ್ದನ್ನ ನಾವು ಬೇಡ ಅನ್ನಬಾರದು ಅಂತಾರೆ. ಅವಳ ಗಂಡ ಮಾತೇ ಆಡಲ್ಲ. ಇವತ್ತು ಬುಧವಾರ, 24 ವಾರ 3 ದಿನ.

ಕೋರ್ಟಿಗೆ ಹೋಗಲೇಬೇಕಾ? ಗಂಡ, ಅತ್ತೆ ಸಹಿ ಬೇಕಾ? ಇನ್ನೊಂದು ಮಾತನ್ನೂ ಕೇಳಬೇಕು. ಶನಿವಾರ ಸರಿ ಇದ್ದದ್ದು ಸೋಮವಾರ ತಪ್ಪು ಹೇಗಾಗುತ್ತೆ? ಕಳೆದುಹೋದ ದಿನಗಳಲ್ಲಿ ನನ್ನ ತಂಗಿ ಕಳೆದದ್ದು ಒಂದೂ ಇಲ್ಲ.

ನಿವೃತ್ತ ಸ್ಟಾಫ್ ನರ್ಸ್, ಕೋಲಾರ:

ಅಮ್ಮಾ, ಮೊದಲು ಕೆಲಸದ ಮಾತು. ನಿಮ್ಮ ತಂಗಿಯಂಥವರಿಗೆ ಕೋರ್ಟ್ ಬೇಕಿಲ್ಲ. 2021ರಲ್ಲಿ ಗರ್ಭಪಾತದ ಕಾನೂನು ತಿದ್ದುಪಡಿಯಾಯಿತು, ಆ ವರ್ಷ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. 20ರಿಂದ 24ರವರೆಗೆ ಇಬ್ಬರು ಬೇಕು, ಅದೂ ಕೆಲವು ಕಾರಣಕ್ಕೆ ಮಾತ್ರ. ಮಗುವಿಗೆ ಗಂಭೀರ ದೋಷ ಇದ್ದರೆ 24 ದಾಟಿದ ಮೇಲೂ ಮೆಡಿಕಲ್ ಬೋರ್ಡ್ ಒಪ್ಪಿಗೆ ಕೊಡಬಹುದು. ಅದಕ್ಕೆ ಇಷ್ಟೇ ವಾರ ಅನ್ನೋ ಮಿತಿ ಇಲ್ಲ. ಬೋರ್ಡಿನಲ್ಲಿ ಸ್ತ್ರೀರೋಗ ತಜ್ಞರು, ಮಕ್ಕಳ ಡಾಕ್ಟರು, ಸ್ಕ್ಯಾನಿಂಗ್ ತಜ್ಞರು ಇರಬೇಕು. ಅರ್ಜಿ ಕೊಟ್ಟ 3 ದಿನದೊಳಗೆ ಅವರು ಹೌದು ಅಥವಾ ಇಲ್ಲ ಅನ್ನಬೇಕು. ಹೌದು ಅಂದರೆ ಅರ್ಜಿ ಕೊಟ್ಟ ದಿನದಿಂದ 5 ದಿನದೊಳಗೆ ಕೆಲಸ ಆಗಬೇಕು. ಇದು ನಿಯಮದಲ್ಲೇ ಬರೆದಿದೆ.

ನಾಳೆ ಬೆಳಗ್ಗೆಯೇ ತಾಯಿ ಕಾರ್ಡ್, ಮೊದಲ ಸ್ಕ್ಯಾನ್‌ನಿಂದ ಹಿಡಿದು ಎಲ್ಲ ವರದಿ, ಆಧಾರ್ ತಗೊಂಡು ಚಿಕ್ಕಬಳ್ಳಾಪುರದ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೆ ಹೋಗಿ. ತಾಯಿ ಮಕ್ಕಳ ಆರೋಗ್ಯ ನೋಡಿಕೊಳ್ಳುವ ಆರ್‌ಸಿಎಚ್ ಅಧಿಕಾರಿ ಅಂತ ಇರುತ್ತಾರೆ, ಅವರನ್ನೇ ಕೇಳಿ. ಬೋರ್ಡ್ ಎಲ್ಲಿ ಕೂರುತ್ತದೆ, ಯಾರ ಕೈಗೆ ಅರ್ಜಿ ಕೊಡಬೇಕು ಅಂತ ಕೇಳಿ. ಬಾಯಿಮಾತಲ್ಲಿ ಬಿಡಬೇಡಿ. ಅರ್ಜಿ ಬರೆದು ಕೊಡಿ, ನಕಲಿನ ಮೇಲೆ ತಾರೀಖು, ಸೀಲು ಹಾಕಿಸಿಕೊಳ್ಳಿ. 3 ದಿನದ ಲೆಕ್ಕ ಶುರುವಾಗೋದು ಆ ಸೀಲಿನಿಂದ.

ಸಹಿ ನಿಮ್ಮ ತಂಗಿಯದ್ದು ಒಂದೇ ಸಾಕು. 18 ದಾಟಿದ ಹೆಂಗಸಿಗೆ ಗಂಡನ ಒಪ್ಪಿಗೆ ಕಾನೂನು ಕೇಳಲ್ಲ, 1971ರಲ್ಲಿ ಈ ಕಾನೂನು ಬಂದಾಗಲೂ ಕೇಳಿರಲಿಲ್ಲ. ಆಸ್ಪತ್ರೆಗಳು ಸುಮ್ನೆ ಕೇಳುತ್ತವೆ, ಆಮೇಲೆ ಜಗಳ ಬೇಡ ಅಂತ.

ಅವರು ಯಾಕೆ ಹೆದರುತ್ತಾರೆ ಅನ್ನೋದೂ ಗೊತ್ತಿರಲಿ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಹೆಣ್ಣು ಭ್ರೂಣ ಪತ್ತೆ ಮಾಡುತ್ತಿದ್ದದ್ದು ಸಿಕ್ಕಿಬಿತ್ತಲ್ಲ, ಆಮೇಲೆ ತಿಂಗಳು ತುಂಬುತ್ತಿರುವ ಬಸಿರು ತೆಗೆಸುವ ಮಾತು ಬಂದರೇನೇ ಎಲ್ಲರೂ ಹಿಂದೆ ಸರಿಯುತ್ತಾರೆ. ಆದರೆ ಲಿಂಗ ಪತ್ತೆ ತಡೆಯುವ ಕಾನೂನು 1994ರದ್ದು, ಅದೇ ಬೇರೆ. ಹೃದಯ ಬೆಳೆಯದ ಮಗುವಿನ ತಾಯಿಯನ್ನ ಆ ಅನುಮಾನದಲ್ಲಿ ನಿಲ್ಲಿಸೋದು ಅನ್ಯಾಯ.

ಇನ್ನು ಯಾರೂ ಹೇಳದ ಮಾತು. ಈ ತಿಂಗಳಲ್ಲಿ ಮಾತ್ರೆ ನುಂಗಿ ಮನೆಗೆ ಬರೋದಲ್ಲ. ನೋವು ಬರಿಸಿ ಹೆರಿಗೆಯಂತೆಯೇ ಮಾಡಿಸುತ್ತಾರೆ. ಅದಕ್ಕೂ ಮೊದಲು ಮಗುವಿನ ಎದೆಬಡಿತ ನಿಲ್ಲಿಸುವ ಇಂಜೆಕ್ಷನ್ ಕೊಡಬಹುದು. ಎರಡು ಮೂರು ದಿನಕ್ಕೆ ಅವಳಿಗೆ ಹಾಲು ಇಳಿಯುತ್ತದೆ. ಅದನ್ನ ಯಾರೂ ಮೊದಲೇ ಹೇಳಿರಲ್ಲ. ರವಿಕೆ ಒದ್ದೆಯಾದಾಗ ಆ ಹುಡುಗಿಯರು ಅಳೋದನ್ನ ನಾನು ಎಷ್ಟೋ ಸಲ ನೋಡಿದ್ದೇನೆ. ಹಾಲು ನಿಲ್ಲಿಸಲು ಮಾತ್ರೆ ಇದೆ, ಮೊದಲೇ ಕೇಳಿ ಬರೆಸಿಕೊಳ್ಳಿ. ಮಗುವಿನ ಮುಖ ನೋಡ್ತೀಯಾ ಅಂತ ಅವಳನ್ನೇ ಕೇಳಿ. ನೀವು ತೀರ್ಮಾನ ಮಾಡಬೇಡಿ.

ವಕೀಲ, ಚಿಂತಾಮಣಿ:

ಮೇಡಂ, ಸಿಸ್ಟರ್ ಹೇಳಿದ್ದು ಸರಿ. ಬೋರ್ಡ್ ಬೇಡ ಅಂದರೆ, ಇಲ್ಲವೇ ದಿನ ತಳ್ಳಿದರೆ, ಆಗ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು. ತುರ್ತು ಅಂತ ಬೇಗ ತೆಗೆದುಕೊಳ್ಳುತ್ತಾರೆ. ದುಡ್ಡಿಲ್ಲ ಅಂತ ಕೂರಬೇಡಿ, ಹೆಂಗಸರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆ. ಆದಾಯ ಎಷ್ಟು ಅಂತಲೂ ನೋಡುವುದಿಲ್ಲ. ನಿಮ್ಮ ತಂಗಿಯ ಹೆಸರು ಹೊರಗೆ ಬಿಟ್ಟವರಿಗೆ ಈ ಕಾನೂನಿನಲ್ಲಿ ಒಂದು ವರ್ಷದವರೆಗೆ ಜೈಲು ಇದೆ, ಅದನ್ನೂ ಆಸ್ಪತ್ರೆಯಲ್ಲಿ ನೆನಪಿಸಿ.

ಶನಿವಾರ ಸರಿ, ಸೋಮವಾರ ತಪ್ಪು ಹೇಗೆ ಅಂದಿರಿ. ಮಗು ಹೊರಗೆ ಬಂದರೆ ಯಂತ್ರದ ಸಹಾಯದಿಂದ ಬದುಕಬಹುದಾದ ಹೊತ್ತು ಹೆಚ್ಚುಕಡಿಮೆ ಅಲ್ಲಿಂದ ಶುರುವಾಗುತ್ತದೆ, ಅದಕ್ಕೇ ಗೆರೆ ಅಲ್ಲಿ. ಆ ಗೆರೆ ಎಷ್ಟು ಗಟ್ಟಿ ಅಂತ ಗೊತ್ತಾಗಿದ್ದು 2023ರ ಅಕ್ಟೋಬರಿನಲ್ಲಿ. ಎರಡು ಮಕ್ಕಳ ತಾಯಿ, ಬಾಣಂತಿ ಸನ್ನಿಗೆ ಔಷಧಿ ತೆಗೆದುಕೊಳ್ಳುತ್ತಿದ್ದರು. ಎದೆಹಾಲು ಕೊಡುವಾಗ ಮುಟ್ಟು ನಿಂತಿತ್ತು, ಬಸಿರು ಗೊತ್ತೇ ಆಗಲಿಲ್ಲ. ಗೊತ್ತಾಗಿ ಕೋರ್ಟಿಗೆ ಬರುವ ಹೊತ್ತಿಗೆ 24 ದಾಟಿತ್ತು. 9ನೇ ತಾರೀಖು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹಿಮಾ ಕೊಹ್ಲಿ, ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಇಬ್ಬರೂ ಅನುಮತಿ ಕೊಟ್ಟರು. ಮಗು ಬದುಕುವ ಸಾಧ್ಯತೆ ಇದೆ, ಎದೆಬಡಿತ ನಿಲ್ಲಿಸಬೇಕೇ ಎಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಡಾಕ್ಟರು ಕೇಳಿದರು. 11ಕ್ಕೆ ಆ ಇಬ್ಬರದ್ದೇ ಅಭಿಪ್ರಾಯ ಬೇರೆಯಾಯಿತು. ಕೊಹ್ಲಿ ತಮ್ಮ ಮನಸ್ಸಾಕ್ಷಿ ಒಪ್ಪದು ಅಂದರು, ನಾಗರತ್ನ ಆ ತಾಯಿಯ ಮಾತಿಗೇ ಅಂಟಿಕೊಂಡರು. 16ಕ್ಕೆ ಮೂವರ ಪೀಠ ಆಗಲ್ಲ ಎಂದಿತು. ಮಗುವಿಗೆ ದೋಷ ಇಲ್ಲ, ತಾಯಿಯ ಜೀವಕ್ಕೆ ತಕ್ಷಣದ ಅಪಾಯ ಇಲ್ಲ ಅನ್ನೋದು ಕಾರಣ.

ನನಗೆ ನಾಗರತ್ನ ಅವರದ್ದೇ ಸರಿ ಅನಿಸುತ್ತದೆ. ತಾಯಿಯ ಜೀವಕ್ಕೇ ಕುತ್ತು ಬಂದದ್ದು ಬಿಟ್ಟರೆ, 24ರ ಆಚೆ ಈ ಕಾನೂನು ಮಗುವಿನ ದೋಷವನ್ನು ಕೇಳುತ್ತದೆ, ಹೆಂಗಸಿನ ಸ್ಥಿತಿಯನ್ನು ಕೇಳುವುದಿಲ್ಲ. ಅತ್ಯಾಚಾರವಾದ ಹುಡುಗಿ ಕೂಡ 24 ದಾಟಿದರೆ ಹೈಕೋರ್ಟ್ ಮೆಟ್ಟಿಲು ಹತ್ತಬೇಕು. ಹದಿಮೂರು ಹದಿನಾಲ್ಕರ ಮಕ್ಕಳು ಹೆದರಿ ಬಾಯಿ ಬಿಡುವುದೇ ಹೊಟ್ಟೆ ಕಂಡ ಮೇಲೆ.

ಗೌರಿಬಿದನೂರಿನ ತಾಯಿ:

ಅಕ್ಕಾ, ನಿಮ್ಮ ತಂಗಿಗೆ ಬೇಡ ಅನ್ನೋಕೆ ನಾನು ಯಾರೂ ಅಲ್ಲ. ಆದರೂ ಒಂದು ಮಾತು ಹೇಳಬೇಕು.

ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಈಗ 11 ವರ್ಷ. ಹುಟ್ಟಿದ ಮೇಲೇ ಗೊತ್ತಾಗಿದ್ದು. ಅವಳ ಹೃದಯದಲ್ಲೂ ತೂತಿತ್ತು, ಆಪರೇಷನ್ ಆಯಿತು. ಈಗ ಬೆಳಗ್ಗೆ ಎದ್ದು ಅಂಗಳಕ್ಕೆ ನೀರು ಹಾಕುವುದು ಅವಳೇ, ರಂಗೋಲಿಗೆ ಚುಕ್ಕಿ ಇಡೋದೂ ಅವಳೇ. ಚುಕ್ಕಿ ಸಾಲು ತಪ್ಪಿದರೆ ಅಳಿಸಿ ಮತ್ತೆ ಇಡುತ್ತಾಳೆ. ಮೊದಲೇ ಗೊತ್ತಾಗಲಿಲ್ವಾ ಅಂತ ನೆಂಟರು ಅವಳ ಎದುರಿಗೇ ಕೇಳುತ್ತಾರೆ. ಅವಳಿಗೆ ಅರ್ಥವಾಗುತ್ತೆ ಅಕ್ಕಾ.

ವಕೀಲರು ಹೇಳಿದ್ದನ್ನು ಓದಿ ಹೊಟ್ಟೆ ಕಿವುಚಿದಂತಾಯಿತು. ಮಗು ಸರಿ ಇದ್ದರೆ 24ರ ಆಚೆ ಮುಟ್ಟಬಾರದು, ಸರಿ ಇಲ್ಲದಿದ್ದರೆ ಎಷ್ಟು ವಾರಕ್ಕಾದರೂ ಸರಿ. ಅಂದರೆ ನನ್ನ ಮಗಳಂಥವರ ಜೀವಕ್ಕೆ ಬೆಲೆ ಕಮ್ಮಿ ಅಂತ ತಾನೇ? ಕಾರಣ ತಾಯಿಯದ್ದಾಗಿರಲಿ. ನನ್ನಿಂದ ಆಗಲ್ಲ ಅಂತ ಅವಳು ಹೇಳಲಿ, ಅದನ್ನ ಕೇಳಲಿ. ಮಗುವಿನ ಮೇಲೆ ಹಾಕಬೇಡಿ.

ಶಿಡ್ಲಘಟ್ಟದ ಅಕ್ಕ:

ಗೌರಿಬಿದನೂರಿನ ಅಮ್ಮಾ, ನಿಮ್ಮ ಮಾತನ್ನು ತಂಗಿಗೆ ಓದಿ ಹೇಳಿದೆ. ಹೇಳಬೇಕೋ ಬೇಡವೋ ಅಂತ ಒಂದು ಗಂಟೆ ಒದ್ದಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನನ್ನ ಮಗೂನ ಕೆಟ್ಟದ್ದು ಅಂತ ನಾನು ಅಂದಿಲ್ಲ ಅಲ್ವಾ ಅಕ್ಕಾ' ಅಂದಳು. ಅವಳು ಅಂದಿಲ್ಲ. ಕಾನೂನು ಹಾಗೆ ಅನ್ನುತ್ತದೆ. ನೀವು ಹೇಳಿದ ಹಾಗೆ ತಾಯಿಯ ಕಾರಣಕ್ಕೆ ಅಲ್ಲಿ ಒಂದು ಸಾಲಿನ ಜಾಗವೂ ಇಲ್ಲ.

ನಾಳೆ ಹೊರಡುತ್ತೇವೆ.

ನಿವೃತ್ತ ಸ್ಟಾಫ್ ನರ್ಸ್, ಕೋಲಾರ:

ದಾರಿಯಲ್ಲಿ ರಕ್ತಸ್ರಾವ, ಜ್ವರ, ನೀರು ಹೋಗೋದು ಏನಾದರೂ ಆದರೆ ಬೋರ್ಡ್ ಗೀರ್ಡ್ ಅಂತ ಕಾಯಬೇಡಿ, ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ. ತಾಯಿಯ ಜೀವ ಉಳಿಸಲು ತಕ್ಷಣ ಬೇಕಾದರೆ ಈ ಕಾನೂನಿನಲ್ಲಿ ವಾರದ ಲೆಕ್ಕವೇ ಇಲ್ಲ. ನಮ್ಮ ಬೆಳಗಾವಿ ಕಡೆಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರಿನಲ್ಲಿ ಐರ್ಲೆಂಡಿನಲ್ಲಿ ತೀರಿಕೊಂಡರಲ್ಲ, ಅವರಿಗೆ 17 ವಾರ. ಗರ್ಭ ನಿಲ್ಲಲ್ಲ ಅಂತ ಗೊತ್ತಿದ್ದರೂ ಮಗುವಿನ ಎದೆಬಡಿತ ಇದೆ ಅಂತ ಕಾದರು, ನಂಜು ಏರಿ ಹೋದರು. ಆ ದೇಶದವರು 2018ರಲ್ಲಿ ಮತ ಹಾಕಿ ಕಾನೂನು ಬದಲಾಯಿಸಿದರು. ಅಷ್ಟು ದಿನ ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದ ನನಗೆ ಆ ಸುದ್ದಿ ಓದಿದ ರಾತ್ರಿ ನಿದ್ದೆ ಬರಲಿಲ್ಲ.

ಶಿಡ್ಲಘಟ್ಟದ ಅಕ್ಕ (ಎರಡು ವಾರದ ಮೇಲೆ):

ಎಲ್ಲರೂ ಕೇಳುತ್ತಿದ್ದೀರಿ, ಬರೆಯಲು ಈಗ ಮನಸ್ಸಾಯಿತು.

ಗುರುವಾರ ಅರ್ಜಿ ಕೊಟ್ಟೆವು. ಸೀಲು ಹಾಕಿ ಅಂದಾಗ ಗುಮಾಸ್ತರು ಮುಖ ನೋಡಿದರು, ಆದರೂ ಹಾಕಿದರು. ಶನಿವಾರ ಬೋರ್ಡ್ ಕರೆಯಿತು. ನಾವೆಲ್ಲ ಹೊರಗೆ, ತಂಗಿ ಒಬ್ಬಳೇ ಒಳಗೆ. ಅರ್ಧ ಗಂಟೆ ಆಯಿತು. ಮಕ್ಕಳ ಡಾಕ್ಟರು ಮೂರು ಆಪರೇಷನ್ ಏನೇನು ಅಂತ ಕಾಗದದ ಮೇಲೆ ಹೃದಯದ ಚಿತ್ರ ಬರೆದು ತೋರಿಸಿದರಂತೆ. ನಿನಗೇನು ಬೇಕಮ್ಮ ಅಂತ ಕೇಳಿದರಂತೆ. ಇಷ್ಟು ದಿನದಲ್ಲಿ ಆ ಮಾತು ಕೇಳಿದವರು ಅವರೇ ಮೊದಲು ಅಂದಳು. ನಾನೂ ಕೇಳಿರಲಿಲ್ಲ. ಅವಳು ಹೇಳಿದ್ದನ್ನು ಕೇಳಿಸಿಕೊಂಡಿದ್ದೆ ಅಷ್ಟೇ.

ಒಪ್ಪಿಗೆ ಬಂತು. ಸೋಮವಾರ ಸೇರಿಸಿದೆವು, ಮಂಗಳವಾರ ಮುಗಿಯಿತು. ಮುಖ ನೋಡಿದಳು. ಹೆಣ್ಣು ಮಗು. ಅತ್ತೆ ಬರಲ್ಲ ಅಂದುಕೊಂಡಿದ್ದೆವು, ಸಂಜೆ ಬಾಗೇಪಲ್ಲಿಯಿಂದ ಬಸ್ಸಲ್ಲಿ ಬಂದರು. ಏನೂ ಮಾತಾಡಲಿಲ್ಲ. ಚೀಲದಲ್ಲಿ ತಮ್ಮ ಹಳೇ ಸೀರೆ ತಂದಿದ್ದರು, ಮಗುವನ್ನು ಅದರಲ್ಲೇ ಸುತ್ತಿದರು. ಹಾಲಿನ ಮಾತ್ರೆ ಮೊದಲೇ ಬರೆಸಿದ್ದೆ, ಸಿಸ್ಟರ್ ಅಮ್ಮಾ. ಆದರೂ ಒಂದು ದಿನ ರವಿಕೆ ಒದ್ದೆಯಾಯಿತು.

ಈಗ ನಮ್ಮ ಮನೆಯಲ್ಲಿದ್ದಾಳೆ. ಬಾಣಂತಿಗೆ ಮಾಡುವ ಹಾಗೆಯೇ ಅಮ್ಮ ಬಿಸಿನೀರು ಹಾಕುತ್ತಿದ್ದಾರೆ, ಮೆಣಸಿನ ಸಾರು ಮಾಡುತ್ತಿದ್ದಾರೆ. ನಿನ್ನೆ ತಾಯಿ ಕಾರ್ಡ್ ಇಟ್ಟುಕೊಳ್ಳಬೇಕಾ, ಯಾರಿಗಾದರೂ ವಾಪಸ್ ಕೊಡಬೇಕಾ ಅಂತ ಕೇಳಿದಳು. ಕೊಡೋಕೆ ಅವಳಿಗೆ ಇಷ್ಟ ಇಲ್ಲ. ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ.

ನಿವೃತ್ತ ಸ್ಟಾಫ್ ನರ್ಸ್, ಕೋಲಾರ:

ಕಾರ್ಡು, ಎಕೋ ವರದಿ, ಬೋರ್ಡಿನ ಪತ್ರ ಮೂರೂ ಅವಳ ಹತ್ತಿರವೇ ಇರಲಿ. ಮುಂದಿನ ಸಲ ಬಸಿರಾದಾಗ ಮೊದಲ ದಿನವೇ ಡಾಕ್ಟರಿಗೆ ತೋರಿಸಬೇಕು. ಆಗ ಹೃದಯದ ಎಕೋ ಬೇಗ ಬರೆಯುತ್ತಾರೆ. ಹುಳ ಯಾವ ಜ್ವರದಲ್ಲೇ ಇರಲಿ, ಅವತ್ತು ಸೊಪ್ಪು ಹಾಕೋಕೆ ನೀವು ಹೋಗಿ.